ನಾಲ್ಕು ಬೆರಳು ಕೆಳಗೆ

ಊರವರ ಅಡುಗೆಮನೆಗಳನ್ನೆಲ್ಲ ಚಂದ ಮಾಡಿಕೊಟ್ಟ ಮೇಸ್ತ್ರಿಯ ಸ್ವಂತ ಮನೆಯಲ್ಲಿ ಅವನ ಹೆಂಡತಿ ಮೂವತ್ತು ವರ್ಷ ಕಾಲ್ಮಣೆಯ ಮೇಲೆ ನಿಂತು ಅಡುಗೆ ಮಾಡಿದಳು. ಮದುವೆಯಾಗಿ ಹತ್ತು ವರ್ಷಕ್ಕೆ ಮನೆ ಕೊಂಡಾಗಲೇ ಗೋಡೆಗೆ ಅಂಟಿಕೊಂಡಿದ್ದ ಕಲ್ಲಿನ ಅಡುಗೆ ಕಟ್ಟೆ ಅಷ್ಟು ಎತ್ತರ. ಕಟ್ಟಿಸಿದವರ ಮನೆಯಲ್ಲಿ ಎಲ್ಲರೂ ಭಾರಿ ಎತ್ತರದ ಆಳುಗಳೇ ಇದ್ದಿರಬೇಕು. ಇವಳೋ ಇಷ್ಟೇ ಇಷ್ಟು. ಮದುವೆಯಾಗಿ ಬಂದ ಹೊಸತರಲ್ಲಿ ಮೇಸ್ತ್ರಿಯ ಜೊತೆ ಮರಗೆಲಸ ಮಾಡುವವರು ತಮಾಷೆಗೆ 'ಗೇಣಮ್ಮ' ಎಂದರು, ಅದೇ ಹೆಸರು ನಿಂತುಹೋಯಿತು. "ಮುಂದಿನ ತಿಂಗಳು ಈ ಕಟ್ಟೆ ಒಡೆಸಿ ನಿನ್ನ ಎತ್ತರಕ್ಕೆ ಮಾಡ್ತೀನಿ ಕಣೇ" ಎಂದು ಮೇಸ್ತ್ರಿ ಹೇಳುತ್ತಲೇ ಬಂದ. ಆ ಮುಂದಿನ ತಿಂಗಳು ಮೂವತ್ತು ವರ್ಷವಾದರೂ ಬರಲಿಲ್ಲ.

ಎರಡು ವರ್ಷದ ಹಿಂದೆ ಅವಳು, "ರೀ, ಮಣೆಗೊಂದು ಹಲಗೆ ಹೊಡೆದುಕೊಡಿ, ಎಟಕ್ತಿಲ್ಲ" ಎಂದಳು. ಮೇಸ್ತ್ರಿ ಎರಡು ಮೊಳೆ ಬಾಯಲ್ಲಿ ಕಚ್ಚಿಕೊಂಡು ಬಂದು, ಹೊಡೆದು, ಕೆಲಸಕ್ಕೆ ಹೋದ. ಹೋದ ವರ್ಷ ಮತ್ತೆ ಅದೇ ಮಾತು ಬಂತು, ಮತ್ತೊಂದು ಹಲಗೆ ಹೊಡೆದ. ಮಣೆ ಸವೆದಿರಬೇಕು ಎಂದುಕೊಂಡ. ಮರ ಸವೆಯುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹೀಗೆ ಎತ್ತರವಾದ ಆ ಮಣೆಯಿಂದಲೇ ಒಂದು ಬೆಳಿಗ್ಗೆ ಗೇಣಮ್ಮ ಹಾಲಿನ ಪಾತ್ರೆ ಹಿಡಿದುಕೊಂಡೇ ದಬ್ಬೆಂದು ಬಿದ್ದಳು. ಪುಣ್ಯಕ್ಕೆ ಹಾಲು ತಣ್ಣಗಿತ್ತು. ಏಳಲು ಸ್ವಲ್ಪ ಹೊತ್ತಾಯಿತು, ಅಷ್ಟೆ. ಮೂಳೆ ಮುರಿದಿಲ್ಲ ಎಂದು ಎಲ್ಲರೂ ಸಮಾಧಾನ ಮಾಡಿಕೊಂಡರು.

ಸಮಾಧಾನವಾಗದಿದ್ದವಳು ಸೊಸೆ. ಅವಳು ಬಸ್ ಕಂಡಕ್ಟರ್. ಆರಡಿಗೆ ಎರಡೇ ಬೆರಳು ಕಮ್ಮಿ. ಮನೆಯಲ್ಲಿ ನಾಲ್ಕೇ ಜನರಿದ್ದರೂ ಅವಳ ದನಿ ತುಂಬಿದ ಬಸ್ಸಿನ ಹಿಂದಿನ ಸೀಟಿಗೆ ಕೇಳುವಂತೆ ಇರುತ್ತಿತ್ತು.

"ಇವತ್ತಿಗೆ ಸಾಕು ಅತ್ತೆ. ಇನ್ಮೇಲೆ ನೀವು ಅಡುಗೆಮನೆಗೆ ಬರೋದೇ ಬೇಡ."

"ಬರಬೇಡ ಅನ್ನೋಕೆ ಇದೇನು ನಿನ್ನ ಬಸ್ಸಾ?"

"ಬಸ್ಸಾಗಿದ್ರೆ ಯಾರನ್ನಾದ್ರೂ ಎಬ್ಬಿಸಿ ಸೀಟು ಕೊಡಿಸ್ತಿದ್ದೆ. ನಾಳೆ ನಿಮಗೆ ಏನಾದ್ರೂ ಆದ್ರೆ ರಜೆ ಹಾಕೋದು ಯಾರು?"

"ಓಹೋ! ನಾನು ಬಿದ್ದದ್ದಕ್ಕಲ್ಲ ಸಂಕಟ, ನಿನ್ನ ರಜೆಗೆ."

ಸೊಸೆ ನಾಲಿಗೆ ಕಚ್ಚಿಕೊಂಡಳು, ಆದರೆ ಪಟ್ಟು ಬಿಡಲಿಲ್ಲ. ಮಣೆಯನ್ನು ಎತ್ತಿ ಅಟ್ಟಕ್ಕೆ ಹಾಕಿ ಡ್ಯೂಟಿಗೆ ಹೋದಳು. ಅಟ್ಟ ಅವಳಿಗೆ ಕೈಯಳತೆಯಲ್ಲಿತ್ತು, ಅತ್ತೆಗೆ ಏಣಿ ಬೇಕು.

ಅಂದಿನಿಂದ ಮನೆಯ ಊಟ ಕೆಟ್ಟಿತು. ಸೊಸೆಗೆ ಬೆಳಗಿನ ಪಾಳಿ ಇದ್ದರೆ ಮಗನೇ ಒಲೆ ಹಚ್ಚಬೇಕು. ಅವನು ಎಲೆಕ್ಟ್ರಿಷಿಯನ್. ಮನೆಗಳಿಗೆ ತಂತಿ ಎಳೆಯುವುದರಲ್ಲಿ ಎತ್ತಿದ ಕೈ, ಆಲೂಗಡ್ಡೆ ಬೇಯಿಸುವುದರಲ್ಲಿ ಅಲ್ಲ. ಅವನ ಆಲೂಗಡ್ಡೆ ಹೊರಗೆ ಕರಿ, ಒಳಗೆ ಹಸಿ. ಗೇಣಮ್ಮ ತಟ್ಟೆಯಲ್ಲಿದ್ದದ್ದನ್ನು ಅತ್ತಿತ್ತ ಮಾಡಿ, ಉಪ್ಪಿನ ಬಟ್ಟಲನ್ನು ಮಗನ ಕಡೆ ಮೆಲ್ಲಗೆ ಸರಿಸುವಳು. ಉಳಿದ ಹೊತ್ತೆಲ್ಲ ಮುಂದಿನ ಕೋಣೆಯಲ್ಲಿ ಮಡಿಲಲ್ಲಿ ಕೈ ಇಟ್ಟುಕೊಂಡು ಕೂತಿರುವಳು. ಹತ್ತು ದಿನ ಕಳೆದ ಮೇಲೆ ಗಂಡನಿಗೆ ಹೇಳಿದಳು:

"ರೀ, ಆ ಕೋಣೇಲಿ ನಂಗೊಂದು ನಿಲ್ಲೋ ಜಾಗ ಮಾಡಿಕೊಡಿ. ಕೂತು ಕೂತು ನನ್ನ ಮನೇಲಿ ನಾನೇ ನೆಂಟಳಾಗಿಬಿಟ್ಟೆ."

ಮಣೆಯ ಹಲಗೆ ಬಿಟ್ಟರೆ, ಮೂವತ್ತು ವರ್ಷದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಮೇಸ್ತ್ರಿಗೆ ಆ ಮಾತು ಮುಳ್ಳು ನಟ್ಟ ಹಾಗೆ ನಟ್ಟಿತು. ಅಂದು ಊಟದ ಹೊತ್ತಿಗೆ ವಿಷಯ ಎತ್ತಿದ.

"ಐಲ್ಯಾಂಡ್ ಮಾಡಿ ಅಪ್ಪ" ಎಂದ ಮಗ, ಫೋನಿನಲ್ಲಿ ಚಿತ್ರ ಹುಡುಕುತ್ತಾ.

ಅಡುಗೆಮನೆಯ ನಡುವೆ, ಯಾವ ಗೋಡೆಗೂ ಅಂಟದೆ, ಸುತ್ತ ಓಡಾಡಲು ಜಾಗ ಬಿಟ್ಟು ನಿಲ್ಲಿಸುವ ಕಟ್ಟೆ ಅದು. ಮೇಸ್ತ್ರಿ ಅಂಥವನ್ನು ಗಿರಾಕಿಗಳಿಗೆ ಹತ್ತಾರು ಮಾಡಿಕೊಟ್ಟಿದ್ದ.

"ಐಲ್ಯಾಂಡ್ ಅಂದ್ರೆ?" ಗೇಣಮ್ಮ ಕೇಳಿದಳು.

"ದ್ವೀಪ ಅಮ್ಮ. ಸುತ್ತ ನೀರಿರುತ್ತಲ್ಲ, ಅದು."

"ನೀನು ಪಾತ್ರೆ ತೊಳೆದ ದಿನ ಹಾಗೇ ಇರುತ್ತೆ ಬಿಡು."

ಸೊಸೆಗೆ ನಗು ಬಂದರೂ ತಡೆದುಕೊಂಡಳು. "ನಡುವೆ ಅಡ್ಡ ನಿಂತ್ರೆ ಓಡಾಡೋದು ಹೇಗೆ ಮಾವ? ಬಸ್ಸಲ್ಲಿ ನಡುವೆ ನಿಂತೋರನ್ನ ಒಳಗೆ ತಳ್ಳಿ ತಳ್ಳಿ ನಂಗೆ ಸಾಕಾಗಿದೆ."

"ಗೋಡೆ ಕಟ್ಟೆ ನಿಂಗೆ, ನಡುವಿನದು ಅವಳಿಗೆ. ಒಬ್ಬರ ಮೊಣಕೈ ಒಬ್ಬರಿಗೆ ತಾಗಲ್ಲ" ಎಂದ ಮೇಸ್ತ್ರಿ.

"ಗಾಲಿ ಹಾಕಿದ್ರೆ? ಬೇಡದಾಗ ಪಕ್ಕಕ್ಕೆ ತಳ್ಳಬಹುದು" ಎಂದ ಮಗ.

"ನಿಮ್ಮಮ್ಮ ಒರಗಿದಾಗ ಅದು ಓಡಿಹೋಗ್ಲಿ ಅಂತಲಾ?" ಎಂದ ಮೇಸ್ತ್ರಿ.

ಮರುದಿನ ಮೇಸ್ತ್ರಿ ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದಿಂದ ಚೌಕ ಎಳೆದ. ಗಿರಾಕಿಗಳ ಮನೆಯಲ್ಲೂ ಅವನು ಹೀಗೇ ಮಾಡುವುದು. ಮೂರು ದಿನ ಆ ಗೆರೆಯ ಸುತ್ತ ಓಡಾಡಿ ನೋಡಬೇಕು, ಆಮೇಲೆ ಮರ ಮುಟ್ಟಬೇಕು. ಗೇಣಮ್ಮ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕಾವಲು ಕೂತಳು. ಸೊಸೆ ಅವಸರದಲ್ಲಿ ಗೆರೆ ತುಳಿದರೆ "ಔಟ್!" ಎನ್ನುವಳು. ಎರಡನೆಯ ದಿನ ಸೊಸೆ ಬೇಕೆಂದೇ ತುಳಿದು ತುಳಿದು ಹೋದಳು. ಮಣೆ ಅಟ್ಟಕ್ಕೇರಿದಂದಿನಿಂದ ಮಾತು ಬಿಟ್ಟಿದ್ದ ಇಬ್ಬರೂ ಮೂರನೆಯ ದಿನ ಗೆರೆಯ ಒಳಗೊಬ್ಬರು ಹೊರಗೊಬ್ಬರು ನಿಂತು ಮೆಣಸಿನ ಡಬ್ಬಿ ಎಲ್ಲಿರಬೇಕು ಎಂದು ಜಗಳಾಡಿದರು. ಅಗಲವನ್ನು ಅರ್ಧ ಅಡಿ ಕಡಿಮೆ ಮಾಡುವುದೆಂದು ತೀರ್ಮಾನವಾಯಿತು. ಮೇಲೆ ಕಲ್ಲು ಬೇಡ, ಚಳಿಗೆ ಕೈ ಮರಗಟ್ಟುತ್ತದೆ, ಮರವೇ ಇರಲಿ ಎಂದೂ ಆಯಿತು.

"ನಿಂಗೇನು ಬೇಕು ಹೇಳೇ" ಎಂದ ಮೇಸ್ತ್ರಿ ಹೆಂಡತಿಗೆ.

"ಒಂದು ಡ್ರಾಯರು. ನನ್ನ ಚಾಕು ಇನ್ನೊಬ್ಬರು ಮುಟ್ಟಬಾರದು." ಗೆರೆಯ ಅಂಚು ತೋರಿಸಿ, "ಅಂಚಿಗೊಂದು ಮರದ ಕಂಬಿ. ಗಟ್ಟಿಯಾಗಿರ್ಲಿ" ಎಂದಳು.

"ಕಂಬಿ ಯಾಕೆ?"

"ಟವೆಲ್ ಹಾಕೋಕೆ."

ಟವೆಲಿಗೆ ಅಷ್ಟು ಗಟ್ಟಿ ಕಂಬಿ ಯಾಕೆಂದು ಮೇಸ್ತ್ರಿ ಕೇಳಲಿಲ್ಲ.

ಉಳಿದದ್ದು ಎತ್ತರ. ಮೇಸ್ತ್ರಿಯ ಹತ್ತಿರ ಒಂದು ಅಳತೆ ಕೋಲಿತ್ತು. ಅಡುಗೆ ಕಟ್ಟೆಯ ಎತ್ತರಕ್ಕೆ ಅವನು ಟೇಪು ಹಿಡಿದವನೇ ಅಲ್ಲ. ಮನೆಯಾಕೆಯನ್ನು ನಿಲ್ಲಿಸಿ, ಮೊಣಕೈ ಮಡಿಸಲು ಹೇಳಿ, ಅಲ್ಲಿಂದ ನಾಲ್ಕು ಬೆರಳು ಕೆಳಗೆ ಕೋಲಿನ ಮೇಲೆ ಒಂದು ಕಚ್ಚು ಹಾಕುವನು. ಯಾವ ಕಚ್ಚು ಯಾರದೆಂದು ಅವನಿಗೆ ಬಾಯಿಪಾಠ. ಅದರಲ್ಲಿ ಎಲ್ಲಕ್ಕಿಂತ ಹಳೆಯ ಕಚ್ಚು ಮದುವೆಯಾದ ಮೂರನೆಯ ದಿನ ಬಾಡಿಗೆ ಕೋಣೆಯಲ್ಲಿ ಹೆಂಡತಿಯನ್ನು ಗೋಡೆಗೆ ನಿಲ್ಲಿಸಿ ಹಾಕಿದ್ದು. ಅವಳು ನಾಚಿಕೊಂಡು ಮೊಣಕೈಯನ್ನು ಮೇಲೆ ಕೆಳಗೆ ಮಾಡಿದ್ದಳು, ಅವನು ಗದರಿಸಿ ನೇರ ಹಿಡಿಸಿದ್ದ.

ಅದೇ ಕಚ್ಚಿನ ಮೇಲೆ ಬೆರಳಿಟ್ಟು ಅವನೀಗ ಹೆಮ್ಮೆಯಿಂದ ಎಲ್ಲರಿಗೂ ತೋರಿಸಿದ.

"ಮಾವ, ಒಂದ್ಸಲ ಅತ್ತೇನ ನಿಲ್ಲಿಸಿ ಅಳೀರಿ" ಎಂದಳು ಸೊಸೆ.

ಮೇಸ್ತ್ರಿಗೆ ಮೂಗಿನ ತುದಿಗೆ ಕೋಪ ಬಂತು. "ನಲವತ್ತು ವರ್ಷದಿಂದ ಕಣ್ಣೆದುರಿಗಿದ್ದಾಳೆ. ಹೆಂಡತಿ ಅಳತೆ ನಂಗೆ ನೀನು ಹೇಳಿಕೊಡ್ತೀಯಾ?"

ಸೊಸೆ ಅತ್ತೆಯ ಮುಖ ನೋಡಿದಳು. ಗೇಣಮ್ಮ ನೆಲ ನೋಡುತ್ತಾ, "ಅವರು ಹೇಳಿದ್ದೇ ಸರಿ ಬಿಡಮ್ಮ" ಎಂದಳು.

ಮೂರು ವಾರ ಹಿತ್ತಲಿನ ಶೆಡ್ಡಿನಲ್ಲಿ ಕೆಲಸ ನಡೆಯಿತು. ಗಿರಾಕಿಗಳ ಕೆಲಸವನ್ನು ಬದಿಗೊತ್ತಿ ಮೇಸ್ತ್ರಿ ಅದರಲ್ಲೇ ಮುಳುಗಿದ. ಯಾವುದೋ ಹಳೆಯ ಬಾಗಿಲಿನ ಒಳ್ಳೆ ಮರ ಎತ್ತಿಟ್ಟಿದ್ದ, ಅದನ್ನು ತೆಗೆದ. ಮೇಲಿನ ಹಲಗೆಯನ್ನು ಉಜ್ಜಿ ಉಜ್ಜಿ ಕೆನ್ನೆಯಷ್ಟು ನುಣುಪು ಮಾಡಿದ. ಕಂಬಿಯನ್ನು ಹೆಂಡತಿಯ ಹಿಡಿಗೆ ಸರಿಯಾಗಿ ಗುಂಡಗೆ ಕೆತ್ತಿದ. ಅವಳು ಮಧ್ಯಾಹ್ನ ಟೀ ತಂದು, ಬಾಗಿಲ ಚೌಕಟ್ಟು ಹಿಡಿದುಕೊಂಡೇ ನಿಂತು ನೋಡುವಳು.

"ಯಾಕೆ ಹಾಗೆ ನಿಂತಿದೀಯಾ? ಒಳಗೆ ಬಾ."

"ಬೆನ್ನು ಹಿಡ್ಕೊಂಡಿದೆ."

"ಎಣ್ಣೆ ಹಚ್ಕೋ, ಹೋಗುತ್ತೆ. ಇಲ್ಲಿ ನೋಡು, ಡ್ರಾಯರು ಒಂದೇ ಬೆರಳಲ್ಲಿ ಎಳೆದ್ರೆ ಬರುತ್ತೆ."

ಒಂದು ಭಾನುವಾರ ಅಪ್ಪ ಮಗ ಸೇರಿ ಅದನ್ನು ಒಳಗೆ ತಂದು, ನಾಲ್ಕು ಕಾಲನ್ನೂ ಸೀಮೆಸುಣ್ಣದ ಗೆರೆಯ ಮೂಲೆಗೆ ಸರಿಯಾಗಿ ನಿಲ್ಲಿಸಿದರು. ಮೇಸ್ತ್ರಿ ಹೆಂಡತಿಯ ಚಾಕುವನ್ನು ಡ್ರಾಯರಿನಲ್ಲಿಟ್ಟು ಅವಳನ್ನು ಕರೆದ. ಗೇಣಮ್ಮ ಬಂದು ನಿಂತಳು. ಒಂದು ಕೈ ಕಂಬಿ ಹಿಡಿಯಿತು. ಇನ್ನೊಂದು ಕೈ ಈರುಳ್ಳಿ ಹೆಚ್ಚಿತು. ಹೆಚ್ಚುವಾಗ ಹೆಗಲು ಕಿವಿಯ ಹತ್ತಿರ ಏರಿತ್ತು, ಹಿಮ್ಮಡಿ ನೆಲ ಬಿಟ್ಟಿತ್ತು. ಮೇಸ್ತ್ರಿ ಹಲಗೆಯ ಅಂಚು ಸವರುತ್ತಾ ನಿಂತಿದ್ದ, ಕಾಲ ಕಡೆ ನೋಡಲಿಲ್ಲ.

"ಹೇಗಿದೆಯೇ?"

"ಹೇಳಿ ಮಾಡಿಸಿದ ಹಾಗಿದೆ ರೀ" ಎಂದಳು. ಕಣ್ಣಲ್ಲಿ ನೀರಿತ್ತು. ಈರುಳ್ಳಿಗೆ ಎಂದುಕೊಂಡ.

ಆ ವಾರ ಮನೆಯಲ್ಲಿ ಊಟ ರುಚಿಯಾಯಿತು. ಮಗ ಎರಡೆರಡು ಸಲ ಬಡಿಸಿಕೊಂಡ. ಅತ್ತೆ ಸೊಸೆ ಒಳಗೆ ಪಿಸುಗುಟ್ಟುವುದು, ಮೇಸ್ತ್ರಿ ಕಾಲಿಟ್ಟರೆ ಸುಮ್ಮನಾಗುವುದು ನಡೆದಿತ್ತು. ಇಬ್ಬರೂ ರಾಜಿಯಾದರಲ್ಲ ಎಂದು ಅವನಿಗೆ ಸಂತೋಷ, ಅದಕ್ಕೆ ತಾನೇ ಕಾರಣ ಎಂದು ಇನ್ನೂ ಸಂತೋಷ. ಸಿಕ್ಕವರಿಗೆಲ್ಲ ಐಲ್ಯಾಂಡಿನ ಮಾತು ಹೇಳಿ ತಲೆ ತಿಂದ.

ಹನ್ನೊಂದನೆಯ ದಿನ ಮಧ್ಯಾಹ್ನ ಅವನು ಮರೆತುಹೋದ ಉಳಿಯೊಂದನ್ನು ಒಯ್ಯಲು ಮನೆಗೆ ಬಂದ. ಅಡುಗೆಮನೆಯ ಬಾಗಿಲಲ್ಲೇ ಅವನ ಕಾಲು ನಿಂತವು.

ಗೇಣಮ್ಮ ಬಟಾಣಿ ಸುಲಿಯುತ್ತಿದ್ದಳು. ಅವಳ ಕಾಲ ಕೆಳಗೆ ಎರಡು ಹಲಗೆ, ಒಂದರ ಮೇಲೊಂದು. ಕಂಡಕ್ಟರ್ ಯೂನಿಫಾರ್ಮಿನಲ್ಲೇ ಇದ್ದ ಸೊಸೆ ಹಿಂದಿನಿಂದ ಅವಳ ಸೊಂಟವನ್ನು ಎರಡೂ ಕೈಯಿಂದ ಹಿಡಿದು ನಿಂತಿದ್ದಳು.

"ಬೇಗ ಮುಗಿಸಿ ಅತ್ತೆ, ಮಾವ ಬರೋ ಹೊತ್ತಾಯ್ತು."

"ಇನ್ನೊಂದು ಹಿಡಿ ಇದೆ ಇರಮ್ಮ. ಅವರಿಗೆ ಗೊತ್ತಾದ್ರೆ ಎದೆ ಒಡ್ಕೋತಾರೆ."

ಮೇಸ್ತ್ರಿ ಒಳಗೆ ಬಂದು ನೆಲದ ಮೇಲೆ ಕೂತ. ಆ ಹಲಗೆಗಳು ಅವನಿಗೆ ಗೊತ್ತಿದ್ದವು. ಕಾಲ್ಮಣೆಗೆ ತಾನೇ ಹೊಡೆದವು. ಕಿತ್ತ ಮೊಳೆಯ ತೂತುಗಳು ಹಾಗೇ ಇದ್ದವು. ಬೆರಳು ಜೋಡಿಸಿ ಇಟ್ಟು ನೋಡಿದ. ಎರಡೂ ಸೇರಿ ಸರಿಯಾಗಿ ಐದು ಬೆರಳು. ಹೆಂಡತಿ ಎಷ್ಟೆಷ್ಟು ಕುಗ್ಗಿದಳೋ ಅಷ್ಟಷ್ಟನ್ನು ಅವನೇ ಕೈಯಾರೆ ಅಳೆದು, ಮೊಳೆ ಹೊಡೆದು ಕೊಟ್ಟಿದ್ದ, ಒಂದು ಸಲವೂ ಯಾಕೆಂದು ಕೇಳದೆ.

"ಕೋಲು ತಪ್ಪಾಯ್ತೇನೋ..." ಎಂದ.

"ನಿಮ್ಮ ಕೋಲು ಸರಿಯಾಗೇ ಇದೆ ರೀ" ಎಂದಳು ಗೇಣಮ್ಮ ಬಟಾಣಿ ಬಟ್ಟಲು ಕೆಳಗಿಟ್ಟು. "ನಾನೇ ಇಳಿದುಹೋಗಿದೀನಿ."

ಎರಡು ದಿನದ ಮೇಲೆ ಸೊಸೆ ರಜೆ ಹಾಕಿ ಅವರಿಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ದಳು. ವಾರವಿಡೀ ಪರೀಕ್ಷೆಗಳಾದವು. ಕೊನೆಗೆ ಡಾಕ್ಟರಮ್ಮ ಬೆನ್ನಿನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದಳು. ಒಳಗೆ ಹುಳ ತಿಂದ ಮರ ಹೇಗಿರುತ್ತದೆಂದು ಮೇಸ್ತ್ರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಬೇರೆ ಕಡೆ ಶುರುವಾದ ಗೆಡ್ಡೆ ಮೂಳೆಗೆ ಬಂದಿದೆ. ಬೆನ್ನಿನ ಮೂಳೆಗಳು ಒಂದರ ಮೇಲೊಂದು ಕುಸೀತಿವೆ. ನೋವು ಎಷ್ಟು ದಿನದಿಂದ ಅಮ್ಮ?"

"ಎರಡು ವರ್ಷ ಆಯ್ತೇನೋ."

"ವಾಸಿ ಮಾಡೋಕೆ..." ಎಂದು ಮೇಸ್ತ್ರಿ ಶುರುಮಾಡಿದ.

"ನೋವು ಕಡಿಮೆ ಮಾಡಬಹುದು" ಎಂದಳು ಡಾಕ್ಟರಮ್ಮ.

ಮರಳಿ ಬರುವಾಗ ಬಸ್ಸಿನಲ್ಲಿ ಅವನು ಕೇಳಿದ: "ನಂಗ್ಯಾಕೇ ಹೇಳಲಿಲ್ಲ?"

"ಹೇಳಿದ್ದೆ. ಎಣ್ಣೆ ಹಚ್ಕೋ ಅಂದ್ರಿ."

ಅವಳು ದೂರುವ ದನಿಯಲ್ಲಿ ಹೇಳಲಿಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟಳು ಅಷ್ಟೆ. ದೂರಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ದೂರುವ ಕೆಲಸವನ್ನು ಮಗ ಮಾಡಿದ. ಊಟಕ್ಕೆ ಕೂತಾಗ ತಟ್ಟೆಯನ್ನು ಅತ್ತ ತಳ್ಳಿದ. "ಬೀದಿಯಲ್ಲಿ ಯಾರದೋ ಬಾಗಿಲು ಕೂದಲೆಳೆಯಷ್ಟು ವಾಲಿದ್ರೆ ನಿಂತು ಹೇಳ್ತೀರಿ. ಮನೇಲಿ ಅಮ್ಮ ಐದು ಬೆರಳು ಕುಗ್ಗಿದ್ದು ಕಾಣಲಿಲ್ವಾ ಅಪ್ಪ?"

"ನಿಂಗೆ ಕಂಡಿತ್ತೇನೋ?"

ಮಗ ತಳ್ಳಿದ್ದ ತಟ್ಟೆಯನ್ನು ಮತ್ತೆ ತನ್ನ ಕಡೆ ಎಳೆದುಕೊಂಡ. "ನಂಗೆ ಕಂಡಿತ್ತು" ಎಂದಳು ಸೊಸೆ ಮೆಲ್ಲಗೆ. ಅವಳ ದನಿ ಅಷ್ಟು ಸಣ್ಣದಾದದ್ದನ್ನು ಆ ಮನೆ ಕೇಳಿರಲಿಲ್ಲ. "ವಯಸ್ಸಾಯ್ತು ಅಂದ್ಕೊಂಡು ಸುಮ್ಮನಾದೆ. ಮಣೆ ಕಿತ್ಕೊಂಡೆ, ಮಣೆ ಯಾಕೆ ಅಷ್ಟೆತ್ತರ ಆಯ್ತು ಅಂತ ಕೇಳಲಿಲ್ಲ."

ಒಳಗೆ ಮಲಗಿದ್ದ ಗೇಣಮ್ಮ ಅಲ್ಲಿಂದಲೇ ಕೂಗಿದಳು: "ಯಾರಿಗೂ ಕಾಣದ ಹಾಗೆ ಮಾಡ್ಕೊಂಡೋಳು ನಾನು. ಜಗಳ ಆಮೇಲೆ ಆಡಿ, ಊಟ ಆರಿಹೋಗುತ್ತೆ."

ಮರುದಿನ ಬೆಳಿಗ್ಗೆ ಮೇಸ್ತ್ರಿ ಐಲ್ಯಾಂಡನ್ನು ಮಗುಚಿ ಮಲಗಿಸಿ ನಾಲ್ಕು ಕಾಲಿನಿಂದಲೂ ಐದೈದು ಬೆರಳು ಕೊಯ್ದ. ಕೊಯ್ಯುವ ಮುಂಚೆ ಹೆಂಡತಿಯನ್ನು ನಿಲ್ಲಿಸಿ, ಮೊಣಕೈ ಮಡಿಸಿ, ಅಳೆದ. ಅಳೆಯುವಾಗ ಅವಳ ತೋಳು ಎಷ್ಟು ತೆಳ್ಳಗಾಗಿದೆ ಎಂದು ಕಂಡಿತು. ಕಿವಿಯ ಹಿಂದೆ ಒಂದು ಮಚ್ಚೆ ಇರುವುದೂ ಕಂಡಿತು, ಅದು ಮೊದಲಿನಿಂದಲೂ ಇತ್ತೋ ಏನೋ. ಕೊಯ್ದ ನಾಲ್ಕು ತುಂಡನ್ನು ಒಲೆಗೆ ಹಾಕಲು ಮನಸ್ಸು ಬಾರದೆ ಶೆಡ್ಡಿನಲ್ಲಿ ಎತ್ತಿಟ್ಟ.

ಆಮೇಲಿನ ಹದಿನೇಳು ದಿನ ಆ ಮನೆಯ ಒಳ್ಳೆಯ ದಿನಗಳು. ಗೇಣಮ್ಮ ಹಿಮ್ಮಡಿ ನೆಲಕ್ಕೂರಿ, ಹೆಗಲು ಸಡಿಲ ಬಿಟ್ಟು, ಮಾತ್ರೆಯ ಬಲದಲ್ಲಿ ಬೆಳಿಗ್ಗೆ ಒಂದು ಗಂಟೆ ನಿಲ್ಲುವಳು. ಕಂಬಿ ಯಾವಾಗಲೂ ಎಡಗೈಯಲ್ಲಿರುತ್ತಿತ್ತು. ಅದಕ್ಕೆ ಯಾರೂ ಟವೆಲ್ ಹಾಕಲಿಲ್ಲ.

"ಅತ್ತೆ, ಉಪ್ಪು ಜಾಸ್ತಿಯಾಯ್ತು."

"ನಿನ್ನ ನಾಲಿಗೇಲಿ ಬಸ್ಸಿನ ಧೂಳಿದೆ. ತೊಳ್ಕೊಂಡು ಬಂದು ಹೇಳು."

ಹದಿನೆಂಟನೆಯ ದಿನ ನಿಲ್ಲಲಾಗಲಿಲ್ಲ. ಮೇಸ್ತ್ರಿ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಮೊಣಕೈ ಅಳೆದು, ಕಾಲುಗಳನ್ನು ಇನ್ನೂ ಅರ್ಧ ಗೇಣು ಕೊಯ್ದ. ಕೂತು ಸೊಪ್ಪು ಬಿಡಿಸಿದಳು, ಎಂಟು ದಿನ. ಆಮೇಲೆ ಬೆರಳು ಸೋತವು. ಆಮೇಲೆ ಕೂರಲೂ ಆಗದೆ ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ಮೇಸ್ತ್ರಿ ಕೋಲು ಹಿಡಿದು ಹಾಸಿಗೆಯ ಪಕ್ಕ ಬಂದು ನಿಂತ. ಹಾಸಿಗೆಯ ಮೇಲೆ ಬರುವಂತೆ ಏನಾದರೂ ಹಲಗೆ ಮಾಡಬಹುದೇ ಎಂದು ಅವನ ಆಸೆ. ಗೇಣಮ್ಮ ಕೋಲು ನೋಡಿದಳು, ಅವನ ಮುಖ ನೋಡಿದಳು, ಕಣ್ಣಲ್ಲೇ ನಕ್ಕಳು.

"ನಿಂತ ಅಳತೆ ಆಯ್ತು, ಕೂತ ಅಳತೆ ಆಯ್ತು. ಮಲಗಿದ ಅಳತೆ ಮಾತ್ರ ನೀವು ತಗೋಬೇಡಿ ರೀ. ನನ್ನ ಮಣ್ಣಿಗಿಡೋ ಪೆಟ್ಟಿಗೆ ಬೇರೆ ಯಾರಾದ್ರೂ ಬಡಗಿ ಮಾಡ್ಲಿ."

ಬೇರೆ ಬಡಗಿಯೇ ಮಾಡಿದ. ಐದೇ ದಿನದಲ್ಲಿ ಮಾಡಬೇಕಾಗಿ ಬಂತು.

ಆಮೇಲೆ ಮನೆಯಲ್ಲಿ ಮೂರು ತಟ್ಟೆ. ಮೇಸ್ತ್ರಿ ಶೆಡ್ಡಿಗೆ ಹೋಗುತ್ತಿರಲಿಲ್ಲ. ಮುಂದಿನ ಕೋಣೆಯಲ್ಲಿ ಅವಳ ಕುರ್ಚಿಯಲ್ಲೇ ಕೂತು ಅಡುಗೆಮನೆಯ ಕಡೆ ನೋಡುತ್ತಿದ್ದ. ಸೊಸೆ ತನ್ನ ಎತ್ತರದ ಕಲ್ಲಿನ ಕಟ್ಟೆ ಬಿಟ್ಟು ಆ ಮೊಣಕಾಲೆತ್ತರದ ಐಲ್ಯಾಂಡಿನ ಮೇಲೆಯೇ ಎಲ್ಲ ಹೆಚ್ಚುತ್ತಿದ್ದಳು, ಅಷ್ಟುದ್ದದ ಮೈಯನ್ನು ಮಡಿಸಿಕೊಂಡು. ಹೆಚ್ಚಿ ಮುಗಿಸಿ ನೆಟ್ಟಗಾಗುವಾಗ ಒಂದು ಕೈ ಸೊಂಟಕ್ಕೆ ಹೋಗುತ್ತಿತ್ತು. ಒಂದು ದಿನ ನೋಡಿದ, ಎರಡು ದಿನ ನೋಡಿದ. ಮೂರನೆಯ ದಿನ ಎದ್ದು ಶೆಡ್ಡಿಗೆ ಹೋಗಿ ಕೊಯ್ದಿಟ್ಟ ಎಂಟು ತುಂಡುಗಳನ್ನು ಬುಟ್ಟಿಯಲ್ಲಿ ತಂದ. ಕೋಲು ತರಲಿಲ್ಲ, ಟೇಪು ತಂದ.

"ಬಾರಮ್ಮ, ನಿಂತ್ಕೋ. ಕಾಲು ಜೋಡಿಸಿ ನಿನ್ನ ಎತ್ತರಕ್ಕೆ ಮಾಡ್ತೀನಿ. ಸಾಲದ್ದಕ್ಕೆ ಹೊಸ ಮರ ಹಾಕ್ತೀನಿ."

"ಬೇಡ ಮಾವ. ಅತ್ತೆ ಎತ್ತರ ಹಾಗೇ ಇರ್ಲಿ."

"ಇದು ಅವಳ ಎತ್ತರ ಅಲ್ಲಮ್ಮ. ಇದು ನಾನು ತಡವಾಗಿ ನೋಡಿದ್ದು."

ಸೊಸೆ ತುಟಿ ಕಚ್ಚಿಕೊಂಡು ಬಂದು ನಿಂತಳು, ಮೊಣಕೈ ಮಡಿಸಿದಳು. ಮೇಸ್ತ್ರಿ ಟೇಪು ಹಿಡಿದವನು ಅಳತೆ ಓದಲಿಲ್ಲ. ಅವಳ ಮುಖವನ್ನೇ ನೋಡಿದ.

"ನಿಂಗೆ ಬೆನ್ನು ನೋಯುತ್ತಾ?"

"ಅಯ್ಯೋ, ಇಲ್ಲ ಮಾವ. ದಿನವಿಡೀ ಬಸ್ಸಲ್ಲಿ ನಿಂತಿರ್ತೀನಲ್ಲ." ಅವಳು ನಗಲು ನೋಡಿದಳು. "ಎಣ್ಣೆ ಹಚ್ಚಿದ್ರೆ ಹೋಗುತ್ತೆ ಬಿಡಿ."

ಮೇಸ್ತ್ರಿಯ ಕೈಯಿಂದ ಟೇಪು ಜಾರಿ ನೆಲದ ಮೇಲೆ ಬಿತ್ತು. ಐಲ್ಯಾಂಡಿನ ಕಂಬಿಯನ್ನು ಹಿಡಿದುಕೊಂಡು ಅವನು ಮೆಲ್ಲಗೆ ಕೆಳಗೆ ಕೂತ. ಕಂಬಿ ಒಂದು ಕಡೆ, ಅವಳ ಎಡಗೈ ಇರುತ್ತಿದ್ದ ಕಡೆ, ಎಣ್ಣೆ ಬಳಿದಂತೆ ನಯವಾಗಿತ್ತು. ಅವನಿಗೆ ಅಳು ತಡೆಯಲಾಗಲಿಲ್ಲ. ಗಂಡಸು ಅಷ್ಟು ದೊಡ್ಡ ದನಿಯಲ್ಲಿ ಅಳುವುದನ್ನು ಸೊಸೆ ಬಸ್ಸಿನಲ್ಲೂ ಕಂಡಿರಲಿಲ್ಲ. ಅವಳೂ ಅವನ ಪಕ್ಕ ನೆಲದ ಮೇಲೆ ಕೂತಳು. ತುಂಬ ಹೊತ್ತಾದ ಮೇಲೆ ಮೇಸ್ತ್ರಿ ಮುಖ ಒರೆಸಿಕೊಂಡು ಅವಳ ಕಡೆ ತಿರುಗಿದ.

"ಎಷ್ಟು ದಿನದಿಂದ?" ಎಂದು ಕೇಳಿದ. ಕೇಳಿ, ಉತ್ತರ ಬರುವ ತನಕ ಕಾದ.